ಸ್ಪ್ಯಾನರಮ್ಮನೂ ಜಾರುವ ಕ್ಲಚ್ಚೂ

ಬೀದಿಯ ತಿರುವಿನಲ್ಲಿ ಎರಡು ಬಾಗಿಲುಗಳ ಒಂದು ಕೋಣೆ. ಒಂದು ಬಾಗಿಲು ಬೀದಿಗೆ ತೆರೆದರೆ ಇನ್ನೊಂದು ಅಡುಗೆಮನೆಗೆ ತೆರೆಯುತ್ತದೆ. ಇವೆರಡರ ನಡುವೆ, ಹಳೆಯ ಮೋಟಾರ್ ಸೈಕಲ್ಲುಗಳ ಒಡಲು ಬಿಚ್ಚಿ ಮತ್ತೆ ಮುಚ್ಚುವ ಕಾಯಕದಲ್ಲಿ ನಡುವಯಸ್ಸು ದಾಟಿದ ಹೆಂಗಸೊಬ್ಬಳು ಬೆಳಗಿನಿಂದ ಬೈಗಿನವರೆಗೂ ತೊಡಗಿರುತ್ತಾಳೆ. ಹೆತ್ತವರು ಇಟ್ಟ ಹೆಸರು ಆಕೆಗೆ ಇಲ್ಲದಿಲ್ಲ. ಆದರೆ ಅದನ್ನು ಹಿಡಿದು ಕೂಗಿದರೆ ಆಕೆಯೇ ಒಮ್ಮೆಗೆ ಓಗೊಡುವುದಿಲ್ಲ. ಬೀದಿಗೆಲ್ಲ ಆಕೆ ಸ್ಪ್ಯಾನರಮ್ಮ.

ಕೋಣೆ ದೊಡ್ಡದಲ್ಲ. ಗೋಡೆಯುದ್ದಕ್ಕೂ ದಪ್ಪ ಹಲಗೆಯ ಮೇಜು, ಅದರ ತುದಿಯಲ್ಲಿ ಸಾಮಾನನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು. ಮೇಜಿನ ಮೇಲ್ಗಡೆಯ ಗೋಡೆಗೆ ಸುಣ್ಣ ಬಳಿದು, ಪ್ರತಿಯೊಂದು ಸ್ಪ್ಯಾನರಿನ ಆಕಾರವನ್ನೂ ನೆರಳು ಬಿದ್ದಂತೆ ಕಪ್ಪು ಬಣ್ಣದಲ್ಲಿ ಬರೆದಿದೆ. ಸಂಜೆ ಯಾವ ನೆರಳು ಬರಿದಾಗಿ ಕಾಣುವುದೋ ಆ ಸಾಮಾನು ನೆಲದಲ್ಲೆಲ್ಲೋ ಉಳಿದಿದೆಯೆಂದು ಅರ್ಥ. ಇದು ಆಕೆಯ ತಂದೆ ಮಾಡಿದ ಏರ್ಪಾಡು. ನೆಲ ಎಣ್ಣೆ ಕುಡಿದು ಕುಡಿದು ಕರಿಗಲ್ಲಿನಂತೆ ಮಿರುಗುತ್ತದೆ. ಅತ್ತಣಿಂದ ಹುರಿದ ಈರುಳ್ಳಿಯ ಕಂಪು ಇತ್ತ ಬರುವುದು, ಇತ್ತಣಿಂದ ಪೆಟ್ರೋಲಿನ ವಾಸನೆ ಅತ್ತ ಹೋಗುವುದು. ನಡುವೆ ಬಾಗಿಲಿದೆ ಎಂಬುದು ಹೆಸರಿಗೆ ಮಾತ್ರ. ನಗರದ ಬಸ್ಸು ಓಡಿಸುವ ಗಂಡ ಊಟಕ್ಕೆ ಕುಳಿತಾಗಲೆಲ್ಲ ತಟ್ಟೆಯನ್ನು ಮೂಸಿ ನೋಡುವನು.

"ಇವತ್ತು ಯಾವ ಗ್ರೇಡಿನ ಎಣ್ಣೆ ಹಾಕಿದೀಯೇ?"

"ಸುಮ್ನೆ ತಿನ್ನಿ. ಹೊಟ್ಟೆ ಸದ್ದಿಲ್ಲದೆ ಓಡುತ್ತೆ."

ಆಕೆಯ ಕೆಲಸದ ಕ್ರಮ ನೋಡತಕ್ಕದ್ದು. ಕೆಟ್ಟ ಗಾಡಿ ತಂದವನ ಮಾತನ್ನು ಪೂರ್ತಿ ಕೇಳುವಳು, ಅರ್ಧ ಮಾತ್ರ ನಂಬುವಳು. ಇಂಜಿನ್ನಿನ ಸದ್ದು ಆಲಿಸುವಾಗ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುವಳು. ಕಿವಿ ಕೆಲಸ ಮಾಡುವಾಗ ಕೈ ಅವಸರಪಡಬಾರದು. ಸ್ಪ್ಯಾನರ್ ಎತ್ತಿಕೊಳ್ಳುವ ಮುನ್ನ ಕ್ಷಣಕಾಲ ಕಣ್ಣು ಮುಚ್ಚಿ ತುಟಿಯಲ್ಲೇ ಏನನ್ನೋ ಬೇಡಿಕೊಳ್ಳುವಳು. ಏನದು ಎಂದು ಗಂಡ ಒಮ್ಮೆ ಕೇಳಿದ್ದನು. "ನಟ್ಟು ಅರ್ಧದಲ್ಲಿ ಮುರೀದಿರಲಿ ಅಂತ," ಎಂದಳು. ಭಗವಂತನಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬೇಡುವ ಅಭ್ಯಾಸ ಆಕೆಗಿರಲಿಲ್ಲ. ಕೊಟ್ಟದ್ದನ್ನು ಒರೆಸಿ, ಎಣ್ಣೆ ಹಚ್ಚಿ, ಇಟ್ಟುಕೊಳ್ಳುವ ಸ್ವಭಾವ.

ತಂದೆಗೆ ಮೂವರು ಮಕ್ಕಳು, ಈಕೆ ನಡುವಿನವಳು. ಹಿರಿಯ ಮಗನ ಕೈ ಭಾರ. ಮುಟ್ಟಿದ ಬೋಲ್ಟಿನ ತಿರುಪುಗೆರೆಯೆಲ್ಲ ಸವೆದುಹೋಗುವುದನ್ನು ಕಂಡ ತಂದೆ ಅವನನ್ನು ಬಡಗಿಯ ಬಳಿ ಬಿಟ್ಟನು. ಮರ ಅವನಿಗೆ ಒಗ್ಗಿತು. ಈಗ ಅವನು ಬಾಗಿಲು, ಕಿಟಕಿ, ಕಪಾಟುಗಳ ಮೇಸ್ತ್ರಿ. ತಡವಾಗಿ ಹುಟ್ಟಿದ ಕಿರಿಯವನದು ನೀಳ ಬೆರಳು, ಚುರುಕು ಕಣ್ಣು. ಅವನು ಕನ್ನಡಕದ ಗಾಜು ಉಜ್ಜುವ ಕಸುಬು ಹಿಡಿದನು. ನಡುವಿನವಳು ತಂದೆಗೆ ಸ್ಪ್ಯಾನರ್ ಎತ್ತಿಕೊಡುತ್ತ ಕೊಡುತ್ತ ಒಂದು ದಿನ ತಾನೇ ತಿರುಗಿಸತೊಡಗಿದಳು. ಇದನ್ನು ಯಾರೂ ತೀರ್ಮಾನಿಸಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ.

ತಂದೆಯ ಬಳಿ ಒಂದು ಮೋಟಾರ್ ಸೈಕಲ್ಲಿತ್ತು. ಅವನು ಕೊಳ್ಳುವಾಗಲೇ ಅದು ಹಳತು. ಮನೆಯಲ್ಲಿ ಅದಕ್ಕೆ ಮುದುಕ ಎಂದೇ ಹೆಸರು. ಕೊನೆಗಾಲದಲ್ಲಿ ಅವನು, ಕೋಣೆ ಮಗಳಿಗೆ, ಮುದುಕ ಇಬ್ಬರು ಗಂಡುಮಕ್ಕಳಿಗೆ ಎಂದು ಹೇಳಿ ಕಣ್ಣು ಮುಚ್ಚಿದನು. ಹೊಲವಾಗಿದ್ದರೆ ನಡುವೆ ಬದು ಹಾಕಬಹುದಿತ್ತು. ಮೋಟಾರ್ ಸೈಕಲ್ಲಿಗೆ ಬದು ಹಾಕುವುದೆಲ್ಲಿ? ವಾರಕ್ಕೊಬ್ಬರಂತೆ ಓಡಿಸುವುದೆಂದಾಯಿತು.

ಅದೇ ಹೊತ್ತಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ, ನಾಲ್ಕು ಜನರೆದುರಿಗೆ, "ಅಪ್ಪ ಬಿದ್ದಾಗ ಮನೇಲಿ ಇರಬೇಕಾದವನು ನೀನು, ಎಲ್ಲಿ ಹೋಗಿದ್ದೆ?" ಎಂದು ಅಣ್ಣ ಕೇಳಿದ್ದನು. ತಮ್ಮ ಉತ್ತರ ಕೊಡಲಿಲ್ಲ. ಆ ಉತ್ತರವನ್ನು ಅವನು ಇನ್ನೂ ಕೊಟ್ಟಿಲ್ಲ. ಅದರೊಂದಿಗೆ ಬೇರೆಲ್ಲ ಮಾತುಗಳನ್ನೂ ಬಿಗಿಹಿಡಿದುಬಿಟ್ಟನು. ಅಣ್ಣನಿಗೂ ತಾನು ಆಡಿದ್ದು ಹೆಚ್ಚಾಯಿತೆಂದು ತೋರದಿರಲಿಲ್ಲ. ಆದರೆ ಹೊಡೆದ ಮೊಳೆಯನ್ನು ಕೀಳುವ ವಿದ್ಯೆ ಅವನಿಗೆ ಮರದಲ್ಲಿ ಬರುತ್ತಿತ್ತೇ ಹೊರತು ಮಾತಿನಲ್ಲಿ ಬರುತ್ತಿರಲಿಲ್ಲ.

ಹೀಗಾಗಿ ಪ್ರತಿ ಭಾನುವಾರ ಬೆಳಗ್ಗೆ ಸ್ಪ್ಯಾನರಮ್ಮನ ಕೋಣೆಯಲ್ಲಿ ಮುದುಕನ ಹಸ್ತಾಂತರ. ಒಬ್ಬ ಸವಾರಿ ಮಾಡಿ ಬರುವನು, ಇನ್ನೊಬ್ಬ ನಡೆದು ಬರುವನು. ಒಂದೇ ಕೆಟಲಿನ ಚಹಾ ಇಬ್ಬರೂ ಕುಡಿಯುವರು. ಒಬ್ಬ ಬಾಗಿಲ ಕಡೆ ನೋಡಿದರೆ ಇನ್ನೊಬ್ಬ ಗೋಡೆಯ ಕಡೆ.

"ಅವನಿಗೆ ಹೇಳು, ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಇದೆ," ಎನ್ನುವನು ಅಣ್ಣ.

"ಅವನು ಇಲ್ಲೇ ನಿಂತಿದಾನಲ್ಲ ಅಣ್ಣ."

"ನಾನು ನಿನಗೆ ಹೇಳಿದ್ದು."

ತಮ್ಮ ಸೂರು ನೋಡುತ್ತ, "ಅಕ್ಕ, ಕೇಳಿಸ್ತು ಅಂತ ಹೇಳು," ಎನ್ನುವನು.

"ನೀನು ಇವರಿಬ್ಬರ ನಡುವಿನ ಟೆಲಿಫೋನ್ ತಂತಿ ಕಣೇ," ಎಂದು ಗಂಡ ನಗುವನು. "ಲೋಕದಲ್ಲಿ ಯಾವ ತಂತೀನೂ ಚಹಾ ಮಾಡಿ ಕೊಡಲ್ಲ."

ಸ್ಪ್ಯಾನರಮ್ಮ ನಗುತ್ತಿರಲಿಲ್ಲ. ಒಬ್ಬನಿಗೆ ತಂಗಿ, ಒಬ್ಬನಿಗೆ ಅಕ್ಕನಾದ ಆಕೆಗೆ ಆ ಅರ್ಧ ಗಂಟೆ ಇಡೀ ವಾರದ ತಿರುಳು. ಮದುವೆಗೆ ಕರೆದರೆ ಒಬ್ಬ ಬಂದು ಹೋದ ಮೇಲೆ ಇನ್ನೊಬ್ಬ ಬರುತ್ತಿದ್ದನು. ಹಾಸಿಗೆ ಹಿಡಿದ ಚಿಕ್ಕಮ್ಮನನ್ನು ನೋಡಲಿಕ್ಕೂ ಹೊತ್ತು ಬೇರೆ ಮಾಡಿಕೊಳ್ಳುತ್ತಿದ್ದರು. ಇಬ್ಬರನ್ನೂ ಒಂದು ಸೂರಿನಡಿ ತಂದು ನಿಲ್ಲಿಸುವ ಶಕ್ತಿ ಲೋಕದಲ್ಲಿ ಆ ಹಳೆಯ ಕಬ್ಬಿಣವೊಂದಕ್ಕೇ ಉಳಿದಿತ್ತು. ಅಂಥ ಕಬ್ಬಿಣ ಕೆಡತೊಡಗಿತು.

ಮೊದಲ ದೂರು ತಂದವನು ತಮ್ಮ. ಉಜ್ಜಿದ ಗಾಜುಗಳನ್ನು ಹತ್ತಿಯಲ್ಲಿ ಸುತ್ತಿ ದೂರದ ಅಂಗಡಿಗಳಿಗೆ ತಲುಪಿಸಲು ಹೋಗುವಾಗ ಏರು ಬಂದರೆ ಸಾಕು, ಇಂಜಿನ್ನು ಅಬ್ಬರಿಸುವುದು, ಚಕ್ರ ಮಾತ್ರ ಸೋಮಾರಿಯಾಗುವುದು.

"ಸದ್ದು ಗುಡ್ಡ ಹತ್ತುತ್ತೆ ಅಕ್ಕ, ಗಾಡಿ ಕೆಳಗೇ ಇರುತ್ತೆ."

ಕ್ಲಚ್ಚು ಜಾರುತ್ತಿದೆಯೆಂಬುದಕ್ಕೆ ಇದಕ್ಕಿಂತ ಚೆನ್ನಾದ ವರ್ಣನೆ ಬೇಕಿಲ್ಲ. ಕ್ಲಚ್ಚೆಂದರೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳ ಅಡಕಿಲು. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುವವರೆಗೆ ಇಂಜಿನ್ನಿನ ತಿರುಗಾಟ ಚಕ್ರಕ್ಕೆ ಸಲ್ಲುತ್ತದೆ. ಸವಾರ ಎಡಗೈಯ ಲಿವರನ್ನು ಹಿಡಿದಾಗ ಕೇಬಲ್ಲು ಒಂದು ಸಣ್ಣ ತೋಳನ್ನು ಎಳೆಯುತ್ತದೆ. ತೋಳು ಒಂದು ಉಕ್ಕಿನ ಕಡ್ಡಿಯನ್ನು ತಳ್ಳುತ್ತದೆ. ಕಡ್ಡಿ ತಟ್ಟೆಗಳನ್ನು ಬಿಡಿಸುತ್ತದೆ. ಲಿವರ್ ಬಿಟ್ಟಾಗ ಆ ಕಡ್ಡಿ ಯಾವುದನ್ನೂ ಒತ್ತದೆ ಬಿಡುವಾಗಿರಬೇಕು. ಆ ಚೂರು ಬಿಡುವು ಇಲ್ಲವಾದರೆ ತಟ್ಟೆಗಳು ಪೂರ್ತಿ ಕೂಡಿಕೊಳ್ಳದೆ ಜಾರುತ್ತವೆ. ಬಿಡುವು ಅತಿಯಾದರೆ ಅವು ಪೂರ್ತಿ ಬಿಡಿಸಿಕೊಳ್ಳದೆ, ಗೇರು ಹಾಕಿದಾಗ ಅದು ಹಲ್ಲು ಕಡಿಯುತ್ತದೆ. ಅದನ್ನು ಸರಿಪಡಿಸುವ ಜಾಗಗಳು ಎರಡು. ಹ್ಯಾಂಡಲಿನಲ್ಲಿ, ಕೇಬಲ್ಲಿನ ತುದಿಗಿರುವ ತಿರುಪು ಒಂದು. ಕ್ಲಚ್ಚಿನ ನಟ್ಟನಡುವೆ, ಪುಟ್ಟ ಮುಚ್ಚಳದ ಹಿಂದೆ ಅಡಗಿದ ಸ್ಕ್ರೂ ಇನ್ನೊಂದು.

ಸ್ಪ್ಯಾನರಮ್ಮ ಲಿವರ್ ಅಲ್ಲಾಡಿಸಿ ನೋಡಿದಳು. ಸಡಿಲವಾಗಿಯೇ ಇತ್ತು, ಬಿಡುವಿನ ಕೊರತೆ ಕಾಣಲಿಲ್ಲ. ಹಾಗಾದರೆ ದೋಷ ತಟ್ಟೆಗಳದ್ದಿರಬೇಕು ಎಂದುಕೊಂಡು, ತಂದೆ ಕಲಿಸಿದ ಕ್ರಮದಂತೆ ಕೇಬಲ್ಲನ್ನು ಪೂರ್ತಿ ಸಡಿಲಿಸಿ, ನಡುವಿನ ಸ್ಕ್ರೂವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಕ್ಲಚ್ಚನ್ನು ಬಿಚ್ಚಿದಳು. ತಟ್ಟೆಗಳ ಮೈ ಗಾಜಿನಂತೆ ನುಣುಪಾಗಿತ್ತು. ಹೊಸ ತಟ್ಟೆ ಹಾಕಿದಳು. ಸೋತಂತೆ ಕಂಡ ಸ್ಪ್ರಿಂಗುಗಳನ್ನು ಬದಲಿಸಿದಳು. ಒಳಗಿನ ಎಣ್ಣೆ ತೆಗೆದು ತೆಳುವಾದದ್ದನ್ನು ತುಂಬಿದಳು. ಎಲ್ಲವನ್ನೂ ಅಳತೆಗೆ ಕೂರಿಸಿ ಕೊಟ್ಟಳು. ಮುದುಕ ಹುಡುಗನಂತೆ ಏರು ಹತ್ತಿದನು.

ಕೆಲವು ವಾರ ಕಳೆದವು. ಈ ಸಲ ದೂರು ತಂದವನು ಅಣ್ಣ. ಮತ್ತೆ ಅದೇ ಜಾರುವಿಕೆ. ಲಿವರ್ ಮೊದಲಿಗಿಂತಲೂ ಸಡಿಲ. ಆಕೆ ಮತ್ತೆ ಎಲ್ಲವನ್ನೂ ಸಡಿಲಿಸಿ ಬಿಚ್ಚಿದಳು. ಉಕ್ಕಿನ ಕಡ್ಡಿಯನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ತುದಿ ನವಿಲಿನ ಕೊರಳಿನಂತೆ ನೀಲಿಯಾಗಿತ್ತು, ತುಸು ಚಪ್ಪಟೆಯೂ ಆಗಿತ್ತು. ಉಕ್ಕು ಆ ಬಣ್ಣಕ್ಕೆ ತಿರುಗುವುದು ಬಿಡುವಿಲ್ಲದೆ ಉಜ್ಜಿ ಕಾದಾಗ ಮಾತ್ರ. ಲಿವರ್ ಇಷ್ಟು ಸಡಿಲವಿರುವಾಗ ಕಡ್ಡಿಯನ್ನು ಹಗಲಿರುಳು ಒತ್ತುತ್ತಿದ್ದವರು ಯಾರು? ಆಕೆಗೆ ಬಗೆಹರಿಯಲಿಲ್ಲ. ಬೇರೆ ಕಡ್ಡಿ ಹಾಕಿದಳು. ಭಾನುವಾರ ಇಬ್ಬರನ್ನೂ ಕೇಳಿದಳು.

"ಕ್ಲಚ್ಚಿಗೆ ಏನಾದ್ರೂ ಕೈ ಹಾಕಿದ್ರಾ?"

"ನನಗೇನು ಬೇರೆ ಕೆಲಸ ಇಲ್ವಾ?" ಎಂದನು ಅಣ್ಣ.

"ನೀನಿರೋವಾಗ ನಾನ್ಯಾಕೆ ಮುಟ್ಟಲಿ ಅಕ್ಕ?" ಎಂದನು ತಮ್ಮ.

ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ಸುಳ್ಳಾಡುವವರಲ್ಲ, ಸುಳ್ಳಾಡಿದರೆ ಅಣ್ಣನ ಕಿವಿ ಕೆಂಪಾಗುವುದೆಂದೂ ತಮ್ಮ ಕೆಮ್ಮುವನೆಂದೂ ಆಕೆಗೆ ಚಿಕ್ಕಂದಿನಿಂದ ಗೊತ್ತು. ಕಿವಿಯೂ ಕೆಂಪಾಗಲಿಲ್ಲ, ಕೆಮ್ಮೂ ಬರಲಿಲ್ಲ.

ಮೂರನೆಯ ಸಲ, ಒಂದು ಭಾನುವಾರ ಬೆಳಗ್ಗೆ, ಅಣ್ಣ ಗಾಡಿಯನ್ನು ತಳ್ಳಿಕೊಂಡು ಬಂದನು. ಬೆನ್ನಿಗೆ ಉಪಕರಣಗಳ ಚೀಲ, ಮೈಯೆಲ್ಲ ಬೆವರು. ಯಾರದೋ ಮನೆಯ ಕದ ಕೂರಿಸಲು ಹೊರಟವನು ನಡುದಾರಿಯ ಏರಿನಲ್ಲಿ ಸಿಕ್ಕಿಬಿದ್ದಿದ್ದನು. ತಮ್ಮನೂ ಅಷ್ಟರಲ್ಲಿ ನಡೆದು ಬಂದಿದ್ದನು.

"ಸಾಕು ಕಣಮ್ಮ," ಎಂದನು ಅಣ್ಣ, ಗಾಡಿಯನ್ನು ಗೋಡೆಗೆ ಒರಗಿಸಿ. "ಹಳೇ ಗಾಡಿ ಸಂಗ್ರಹಿಸೋನು ಒಬ್ಬ ಆಗಿನಿಂದ ಕೇಳ್ತಾನೇ ಇದಾನೆ. ಕೊಟ್ಟುಬಿಡೋಣ. ಅವನಿಗೂ ಹೇಳು."

ತಮ್ಮ ಗೋಡೆ ನೋಡುತ್ತ, "ಆಗಲಿ ಅಂತ ಹೇಳು ಅಕ್ಕ," ಎಂದನು.

ಅಷ್ಟು ಕಾಲದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಸ್ಪ್ಯಾನರಮ್ಮನ ಕೈಯಲ್ಲಿದ್ದ ಚಹಾದ ಲೋಟ ಮೇಜಿಗೆ ಬಂದಿತು. ಮುದುಕ ಹೋದರೆ ಭಾನುವಾರ ಹೋಯಿತು. ಭಾನುವಾರ ಹೋದರೆ ತಾನು ಇಬ್ಬರು ಒಡಹುಟ್ಟಿದವರನ್ನು ಬೇರೆ ಬೇರೆಯಾಗಿ ಎಣಿಸಬೇಕು. ಇದನ್ನು ಬಾಯಿಬಿಟ್ಟು ಹೇಳಿದರೆ ಇಬ್ಬರೂ ಮುಖ ಗಂಟಿಕ್ಕಿಕೊಂಡು ಇನ್ನೂ ಬೇಗ ಮಾರುವರು. ಆದ್ದರಿಂದ ಆಕೆ ಕಸುಬಿನ ಮಾತನ್ನೇ ಆಡಿದಳು.

"ದೋಷ ಗೊತ್ತಾಗದೆ ಮಾರಿದ್ರೆ ನನ್ನ ಕೈಗೆ ಅವಮಾನ. ಒಂದು ವಾರ ಅಣ್ಣ ಓಡಿಸಲಿ, ಒಂದು ವಾರ ತಮ್ಮ ಓಡಿಸಲಿ. ಅಷ್ಟರಲ್ಲಿ ಹಿಡೀದಿದ್ರೆ ಮಾರಿ. ನಾನು ಬೇಡ ಅನ್ನಲ್ಲ."

ಆಗಲೆಂದರು. ಆ ಎರಡು ವಾರ ಮುಗಿಯುವ ಭಾನುವಾರದ ಮಧ್ಯಾಹ್ನ ಬರುವಂತೆ ಆ ಸಂಗ್ರಾಹಕನಿಗೆ ಅಣ್ಣ ಹೇಳಿಯೂ ಕಳುಹಿಸಿದನು.

ಅವರು ಹೋದ ಮೇಲೆ ಆಕೆ ಅಭ್ಯಾಸಬಲದಿಂದ ಕೇಬಲ್ಲನ್ನೂ ಸ್ಕ್ರೂವನ್ನೂ ಸಡಿಲಿಸಿ, ಕ್ಲಚ್ಚನ್ನು ಬಿಚ್ಚಿ ಹರಡಿಕೊಂಡು ಕುಳಿತಳು. ಗಂಡ ಬಸ್ಸಿನ ಪಾಳಿ ಮುಗಿಸಿ ಬಂದು ಹೊಸ್ತಿಲ ಮೇಲೆ ನಿಂತನು.

"ನಮ್ಮ ಡಿಪೋದಲ್ಲಿ ಹೀಗಲ್ಲಪ್ಪ. ಬಸ್ ಕೆಟ್ಟು ಬಂದ್ರೆ ಮೊದಲು ನಟ್ಟು ಬಿಚ್ಚಲ್ಲ. ಯಾರ ಪಾಳಿ, ಹೇಗೆ ಓಡಿಸ್ದ, ಎಲ್ಲಿ ಕೈ ಇಟ್ಟ, ಅದನ್ನ ಕೇಳ್ತಾರೆ. ಬೈಸ್ಕೊಂಡು ಬೈಸ್ಕೊಂಡು ನನಗೆ ಬಾಯಿಪಾಠ ಆಗಿದೆ."

"ಕೇಳಿದೆ. ಇಬ್ಬರೂ ಮುಟ್ಟಿಲ್ಲ ಅಂತಾರೆ."

"ಮುಟ್ಟಿಲ್ಲ ಅಂತ ನಾನೂ ಅಂತೀನಿ. ಸೀಟು ಹಿಂದೆಮುಂದೆ ಮಾಡ್ಕೊಳೋದು, ಕನ್ನಡಿ ತಿರುಗಿಸ್ಕೊಳೋದು, ಅದೆಲ್ಲ ಮುಟ್ಟೋದು ಅಂತ ಯಾರು ಲೆಕ್ಕ ಇಡ್ತಾರೆ?"

ಸ್ಪ್ಯಾನರಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಮೂರು ಸಲವೂ ತಾನು ಮಾಡಿದ್ದೇನು ಎಂಬುದು ಆಗ ಕಣ್ಣಿಗೆ ಕಟ್ಟಿತು. ಗಾಡಿ ಬಂದೊಡನೆ ಲಿವರನ್ನೊಮ್ಮೆ ಅಲ್ಲಾಡಿಸಿದ್ದು. ಆಮೇಲೆ ತಿರುಪು ಯಾವ ಸ್ಥಿತಿಯಲ್ಲಿದೆ, ಸ್ಕ್ರೂ ಎಷ್ಟು ಒಳಗಿದೆ ಎಂದು ನೋಡದೆಯೇ ಎರಡನ್ನೂ ಸಡಿಲಿಸಿದ್ದು. ಕಳ್ಳ ಹೊಕ್ಕ ಮನೆಯನ್ನು ಗುಡಿಸಿ ಒರೆಸಿ ಚೊಕ್ಕಟ ಮಾಡಿ, ಆಮೇಲೆ ಹೆಜ್ಜೆಗುರುತು ಹುಡುಕಿದಂತಾಗಿತ್ತು. ತಂದೆಯ ಕ್ರಮ ತಪ್ಪಲ್ಲ. ಆದರೆ ತಂದೆ ಬಿಚ್ಚುತ್ತಿದ್ದ ಗಾಡಿಯನ್ನು ತಂದೆಯೊಬ್ಬನೇ ಓಡಿಸುತ್ತಿದ್ದನು.

ಎಲ್ಲವನ್ನೂ ಅಳತೆಗೆ ಕೂರಿಸಿದಳು. ಬಳಿಕ ಸಣ್ಣ ಕುಂಚದಿಂದ ಹ್ಯಾಂಡಲಿನ ತಿರುಪಿಗೂ ಅದರ ನಟ್ಟಿಗೂ ಅಡ್ಡಲಾಗಿ ಬಿಳಿಯ ಬಣ್ಣದ ಒಂದು ಗೆರೆ ಎಳೆದಳು; ಮುಚ್ಚಳದ ಹಿಂದಿನ ಸ್ಕ್ರೂವಿಗೂ ಹಾಗೆಯೇ ಒಂದು. ಯಾರಾದರೂ ತಿರುಗಿಸಿದರೆ ಗೆರೆ ಕತ್ತರಿಸಿದಂತೆ ಎರಡಾಗುವುದು.

ಅಣ್ಣನ ವಾರ ಮುಗಿಯಿತು. ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಗಾಡಿ ಒರೆಸುವ ನೆಪದಲ್ಲಿ ಬಗ್ಗಿ ನೋಡಿದಳು. ಹ್ಯಾಂಡಲಿನ ಗೆರೆ ತುಂಡಾಗಿತ್ತು. ತಿರುಪಿನ ಚಡಿಗಳಲ್ಲಿ ಮರದ ಹೊಟ್ಟು. ಮುಚ್ಚಳದೊಳಗಿನ ಗೆರೆ ಇದ್ದ ಹಾಗೇ ಇತ್ತು. ಸರಿಮಾಡಲು ಕೈ ತವಕಿಸಿತು. ಆಕೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಗಾಡಿ ತಮ್ಮನೊಡನೆ ಹೋಯಿತು. ಆ ವಾರ ಆಕೆ ಅಡುಗೆಗೆ ಒಂದು ದಿನ ಉಪ್ಪು ಹಾಕಲಿಲ್ಲ, ಒಂದು ದಿನ ಎರಡು ಸಲ ಹಾಕಿದಳು. ಗಂಡ ಎರಡನ್ನೂ ಬೆರೆಸಿ ತಿನ್ನಬಹುದಿತ್ತಲ್ಲ ಎಂದು ನಕ್ಕನು.

ಆ ಭಾನುವಾರ ತಮ್ಮ ಬೇಗನೆ ಬಂದನು. ಅವನು ಕೈ ತೊಳೆಯಲು ಒಳಗೆ ಹೋದಾಗ ಆಕೆ ಮುಚ್ಚಳ ತೆಗೆದಳು. ಒಳಗಿನ ಗೆರೆಯೂ ಎರಡಾಗಿತ್ತು.

ಅಣ್ಣ ಬಂದು ಕುಳಿತನು. ಮಧ್ಯಾಹ್ನ ಕೊಳ್ಳುವವನು ಬರಲಿದ್ದನಾದ್ದರಿಂದ ಇಬ್ಬರೂ ಆಗಲೇ ಮನೆಯಲ್ಲಿ ಹೆಣವಿದ್ದಂತೆ ಮೆಲ್ಲಗೆ ಉಸಿರಾಡುತ್ತಿದ್ದರು. ಸ್ಪ್ಯಾನರಮ್ಮ ಗಾಡಿಯನ್ನು ಕೋಣೆಯ ನಡುವೆ ನಿಲ್ಲಿಸಿದಳು.

"ಅಣ್ಣ, ನಿನ್ನ ವಾರ ಬಂತು ಅಂತ ಇಟ್ಕೋ. ಹತ್ತಿ ಕೂತ್ಕೋ. ಹೊರಡೋ ಮುಂಚೆ ಏನೇನು ಮಾಡ್ತೀಯೋ ಎಲ್ಲ ಮಾಡು."

ಅಣ್ಣ ಕುಳಿತನು. ಸೀಟು ತಟ್ಟಿದನು. ಲಿವರ್ ಹಿಡಿದು ನೋಡಿ, ಯೋಚನೆಯೇ ಇಲ್ಲದೆ, ಮೂಗು ಒರೆಸಿಕೊಂಡಷ್ಟು ಸಹಜವಾಗಿ, ತಿರುಪನ್ನು ಒಳಕ್ಕೆ ತಿರುಗಿಸಿ ಕೇಬಲ್ಲು ಸಡಿಲಿಸಿದನು.

"ಅದೇನು ಮಾಡ್ದೆ?"

"ಏನು?"

"ಕೈಯಲ್ಲಿ ಏನು ತಿರುಗಿಸ್ದೆ?"

"ಓ, ಇದಾ. ಲಿವರ್ ದೂರ ನಿಂತಿರುತ್ತೆ, ನನ್ನ ಬೆರಳು ಗಿಡ್ಡ. ಸಡಿಲ ಮಾಡ್ಕೊಂಡ್ರೆ ಹತ್ತಿರ ಬರುತ್ತೆ. ಇದು ಕೈ ಹಾಕೋದಾ? ಕೂತ್ಕೊಳೋದು."

"ಇಳಿ. ತಮ್ಮ, ನೀನು ಹತ್ತು."

ತಮ್ಮ ಹತ್ತಿದನು, ಕಿಕ್ ಒದ್ದನು, ಗೇರು ಹಾಕಿದನು. ಗೇರು ಕರ್ರೆಂದು ಹಲ್ಲು ಕಡಿಯಿತು. ಅವನು ಇಂಜಿನ್ನು ಆರಿಸಿ, ಇಳಿದು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಮುಚ್ಚಳ ಬಿಚ್ಚಿ, ಒಳಗಿನ ಸ್ಕ್ರೂವನ್ನು ಚೂರು ಬಿಗಿ ಮಾಡಿದನು. ತನ್ನ ಕೈಯನ್ನು ಎಲ್ಲರೂ ನೋಡುತ್ತಿದ್ದಾರೆಂದು ಆಮೇಲೆ ಹೊಳೆಯಿತು.

"ಗೇರು ಕಚ್ಚುತ್ತಲ್ಲ ಅಕ್ಕ. ಪ್ರತಿ ಸಲ ಹೀಗೇ ಬರುತ್ತೆ. ಅದಕ್ಕೆ ಚೂರು ತಿರುಗಿಸ್ತೀನಿ. ಇದನ್ನ ಕೈ ಹಾಕೋದು ಅಂತ ಅನ್ಕೊಂಡಿರಲಿಲ್ಲ."

"ಸರಿ, ಈ ಕಡೆ ಬಾ. ಅಣ್ಣ, ಮುಂದಿನ ವಾರ. ಹತ್ತು."

ಹೀಗೆ ಆಕೆ ಇಬ್ಬರನ್ನೂ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಹಲವು ವಾರಗಳನ್ನು ಒಂದು ಗಳಿಗೆಯಲ್ಲಿ ಕಳೆದಳು. ಅಣ್ಣ ಹೊರಗಡೆ ಸಡಿಲಿಸುವನು, ತಮ್ಮ ಒಳಗಡೆ ಬಿಗಿ ಮಾಡುವನು. ಬಿಗಿಯಾಯಿತೆಂದು ಅಣ್ಣ ಮತ್ತೆ ಸಡಿಲಿಸುವನು, ಕಚ್ಚಿತೆಂದು ತಮ್ಮ ಮತ್ತೆ ಬಿಗಿ ಮಾಡುವನು. ಬಾಗಿಲಲ್ಲಿ ನಿಂತಿದ್ದ ಗಂಡ ಬಾಯಿಗೆ ಟವಲ್ ಅಡ್ಡ ಹಿಡಿದುಕೊಂಡನು. ಕೊನೆಗೆ ಹ್ಯಾಂಡಲಿನ ತಿರುಪು ಇನ್ನು ತಿರುಗದೆ ನಿಂತಿತು. ಲಿವರ್ ಒಣಹಾಕಿದ ಬಟ್ಟೆಯಂತೆ ಜೋತಾಡುತ್ತಿತ್ತು.

"ಈಗ ಕಿಕ್ ಒದಿ ಅಣ್ಣ."

ಅಣ್ಣ ಒದ್ದನು. ಇಂಜಿನ್ನು ತಿರುಗಲೇ ಇಲ್ಲ. ಕಾಲು ಬೆಣ್ಣೆಯಲ್ಲಿಳಿದಂತೆ ಕೆಳಗಿಳಿಯಿತು. ಕ್ಲಚ್ಚು ಪೂರಾ ಜಾರುತ್ತಿತ್ತು.

ಸ್ಪ್ಯಾನರಮ್ಮ ಮುಚ್ಚಳದೊಳಗೆ ಬೆರಳು ತೋರಿಸಿದಳು. "ಲಿವರ್ ಸಡಿಲ ಇದೆ, ಆದ್ರೆ ಒಳಗಿನ ತೋಳು ಇಂಜಿನ್ನಿನ ಒಳಗೋಡೆಗೆ ಒರಗಿಬಿಟ್ಟಿದೆ. ಹಿಂದೆ ಸರಿಯೋಕೆ ಜಾಗ ಇಲ್ಲ. ಈ ಕಡೆಯಿಂದ ಸ್ಕ್ರೂ ಒತ್ತುತ್ತಾ ಇದೆ. ನಡುವೆ ಕಡ್ಡಿ ಸಾಯ್ತಾ ಇದೆ. ಲಿವರ್ ನೋಡಿ ನಾನೂ ಮೋಸ ಹೋದೆ. ಸಾಮಾನು ತಾನಾಗಿ ಒಂದೂ ಕೆಟ್ಟಿರಲಿಲ್ಲ."

ಅಣ್ಣ ಮುಚ್ಚಳದೊಳಗೆ ಬಗ್ಗಿ ನೋಡಿದನು.

"ಒಳಗೊಂದು ಸ್ಕ್ರೂ ಇದೆ ಅಂತಾನೇ ನನಗೆ ಗೊತ್ತಿಲ್ಲ," ಎಂದನು ಅಣ್ಣ. "ಅಪ್ಪ ನನ್ನನ್ನ ಆ ಕಡೆ ಸುಳಿಯೋಕೇ ಬಿಡ್ತಿರಲಿಲ್ಲ. ಹ್ಯಾಂಡಲಿನದ್ದು ಮಾತ್ರ ತೋರಿಸಿದ್ದ."

"ನನಗೆ ಒಳಗಿನದ್ದು ಮಾತ್ರ," ಎಂದನು ತಮ್ಮ ಗಾಡಿಗೇ ಹೇಳುವಂತೆ. "ಆಗ ಅಪ್ಪನಿಗೆ ಕಣ್ಣು ಮಂದ ಆಗಿತ್ತು. ಲಿವರ್ ತಾನೇ ಹಿಡ್ಕೊಂಡು, ನನ್ನ ಕೈಲಿ ತಿರುಗಿಸೋನು."

ಹಿರಿಯನಿಗೆ ಅರ್ಧ ಪಾಠ, ಕಿರಿಯನಿಗೆ ಅರ್ಧ ಪಾಠ. ಇಡೀ ಪಾಠ ಬಲ್ಲವಳು ನಡುವಿನವಳೊಬ್ಬಳೇ. ಅವಳೋ ಅವರಿಗೂ ಇಡಿಯಾಗಿ ಗೊತ್ತಿದೆಯೆಂದೇ ತಿಳಿದಿದ್ದಳು. ಮಾತನಾಡುವ ಅಣ್ಣತಮ್ಮಂದಿರಾಗಿದ್ದರೆ ಮೊದಲ ವಾರವೇ, ಇದೇಕೆ ಬಿಗಿ ಎಂದು ಒಬ್ಬ, ಇದೇಕೆ ಸಡಿಲ ಎಂದು ಇನ್ನೊಬ್ಬ ಕೇಳಿರುತ್ತಿದ್ದರು. ಅದನ್ನು ಆಕೆ ಹೇಳಲಿಲ್ಲ. ಇಬ್ಬರಿಗೂ ಅದು ಅರ್ಥವಾದಂತೆ ತೋರಿತು. ಅಣ್ಣ ಚೀಲದ ಪಟ್ಟಿಯನ್ನೂ ತಮ್ಮ ಸ್ಕ್ರೂಡ್ರೈವರಿನ ತುದಿಯನ್ನೂ ಬಹಳ ಹೊತ್ತು ಪರೀಕ್ಷಿಸಿದರು.

ಆಕೆ ಕ್ಲಚ್ಚನ್ನು ಮತ್ತೆ ಅಳತೆಗೆ ಕೂರಿಸಿದಳು. ಉಳಿದದ್ದು ಗಿಡ್ಡ ಬೆರಳಿನ ಸಮಸ್ಯೆ. ಭಗವಂತ ಅಂಗೈಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿದ್ದರೆ ಲಿವರಿಗೂ ಒಂದೇ ಆಕಾರ ಸಾಕಾಗುತ್ತಿತ್ತು. ಹಳೆಯ ಕಾಲದ ಉಕ್ಕಿನ ಲಿವರ್, ಕಾಯಿಸಿ ಬಗ್ಗಿಸಬಹುದು. ಎಲ್ಲಿ, ಎಷ್ಟು ಎಂಬುದು ತಿಳಿಯಬೇಕು.

"ಕಾಯಿಸಿದ್ರೆ ಹೊಳಪು ಹೋಗುತ್ತೆ," ಎಂದಳು.

"ಹೋಗಲಿ," ಎಂದರು ಇಬ್ಬರೂ.

ಅಣ್ಣ ಹ್ಯಾಂಡಲ್ ಹಿಡಿದು ಬೆರಳು ಚಾಚಿದನು. ಕನ್ನಡಕಕ್ಕಾಗಿ ಮುಖಗಳ ಅಳತೆ ತೆಗೆದು ಪಳಗಿದ ತಮ್ಮ, ಸೀಸದ ಕಡ್ಡಿ ಹಿಡಿದು ಲಿವರಿನ ಬಳಿ ಬಗ್ಗಿದನು. ಅಷ್ಟು ಹತ್ತಿರದಿಂದ ಅವನು ಅಣ್ಣನ ಕೈ ನೋಡಿ ವರ್ಷಗಳಾಗಿದ್ದವು. ಉಳಿ ತಾಗಿ ಗುಣವಾದ ಗಾಯಗಳು, ಒಡೆದ ಉಗುರು. ಅಣ್ಣ ಬೆರಳು ಸರಿಸುತ್ತಲೇ ಇದ್ದನು, ಗೆರೆ ಕೂರಲಿಲ್ಲ.

"ಅಕ್ಕ, ಅವನಿಗೆ ಹೇಳು, ಕೈ ಅಲ್ಲಾಡಿಸಬಾರದು ಅಂತ."

ಸ್ಪ್ಯಾನರಮ್ಮ ಗ್ಯಾಸಿನ ಉರಿ ಹೊತ್ತಿಸುತ್ತಿದ್ದಳು. ಆ ಭೋರ್ಗರೆತದಲ್ಲಿ ಕೇಳಿಸಿತೋ ಇಲ್ಲವೋ. ಆಕೆ ತಿರುಗಲಿಲ್ಲ. ತಮ್ಮ ಕಾದನು. ಸೀಸದ ಕಡ್ಡಿ ಕೈಯಲ್ಲೇ ಇತ್ತು, ಅಣ್ಣನ ಬೆರಳು ಗಾಳಿಯಲ್ಲೇ ಇತ್ತು.

"ಅಲ್ಲಾಡಿಸಬೇಡ," ಎಂದನು ತಮ್ಮ.

"ಹೂಂ," ಎಂದನು ಅಣ್ಣ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಒಂಚೂರು ಈ ಕಡೆ. ಕಿರುಬೆರಳು ಸಿಗಲ್ಲ," ಎಂದನು.

"ಕಿರುಬೆರಳಲ್ಲಿ ಯಾರು ಹಿಡೀತಾರೆ?"

"ನಾನು ಹಿಡೀತೀನಿ. ಉಳಿ ಹಿಡಿದ ಕೈ ಇದು. ನಿನ್ನ ಹಾಗೆ ಗಾಜು ಒರೆಸಲ್ಲ."

"ಒರೆಸೋದಲ್ಲ, ಉಜ್ಜೋದು."

ಸ್ಪ್ಯಾನರಮ್ಮ ಲಿವರನ್ನು ಬಿಚ್ಚಿ ವೈಸಿಗೆ ಸಿಕ್ಕಿಸಿ ಗುರುತಿನ ಮೇಲೆ ಉರಿ ಹಿಡಿದಳು. ಉಕ್ಕು ಕೆಂಪಾದಾಗ ಇಕ್ಕಳದಿಂದ ನಿಧಾನವಾಗಿ ಬಗ್ಗಿಸಿದಳು. ಅದು ಆರುವವರೆಗೆ ಯಾರೂ ಕುಳಿತುಕೊಳ್ಳಲಿಲ್ಲ. ಆರಿದ ಮೇಲೆ ಆಕೆ ಅದನ್ನು ಹ್ಯಾಂಡಲಿಗೆ ಮತ್ತೆ ಕೂರಿಸಿದಳು; ಅಣ್ಣ ಹಿಡಿದು ನೋಡಿದನು, ತಮ್ಮ ಹಿಡಿದು ನೋಡಿದನು, ಇಬ್ಬರೂ ತಲೆಯಾಡಿಸಿದರು. ತಿರುಪನ್ನು ಯಾರೂ ಮುಟ್ಟಲಿಲ್ಲ.

"ಮಧ್ಯಾಹ್ನ ಅವನು ಬರ್ತಾನೆ," ಎಂದನು ಅಣ್ಣ, ನೆಲ ನೋಡುತ್ತ. "ಮಾತು ಕೊಟ್ಟಾಗಿದೆ."

"ಕೊಟ್ಟಿದ್ದು ನೀನು. ನಾನು ಆಗಲಿ ಅಂದೆ, ಅಷ್ಟೆ," ಎಂದನು ತಮ್ಮ.

"ಹಾಗಾದ್ರೆ ಬೇಡ ಅಂತ ಯಾರು ಹೇಳೋದು?"

"ನೀನೇ ಹೇಳು. ಯಾರೆದುರಿಗೆ ಏನು ಬೇಕಾದ್ರೂ ಅಂದುಬಿಡೋದು ನಿನಗೆ ಬರುತ್ತಲ್ಲ."

ಆ ಮಾತು ಎಲ್ಲಿಂದ ಬಂದಿತೆಂದು ಮೂವರಿಗೂ ಗೊತ್ತಿತ್ತು. ಸುಳ್ಳಾಡದೆಯೇ ಅಣ್ಣನ ಕಿವಿ ಕೆಂಪಾಯಿತು. ಅವನು ಏನೋ ಹೇಳಹೊರಟು, ನುಂಗಿ, "ಅವತ್ತು ಅನ್ನಬಾರದಿತ್ತು," ಎಂದಷ್ಟೇ ಅಂದನು. ಆಸ್ಪತ್ರೆಯ ಪ್ರಶ್ನೆಗೆ ತಮ್ಮನ ಉತ್ತರ ಆ ದಿನವೂ ಹೊರಬರಲಿಲ್ಲ. ಅವನು ಹೋಗಿ ಕೆಟಲಿನಿಂದ ಎರಡು ಲೋಟಕ್ಕೆ ಚಹಾ ಬಗ್ಗಿಸಿದನು, ಒಂದನ್ನು ಅಣ್ಣನ ಪಕ್ಕದ ಹಲಗೆಯ ಮೇಲೆ ಇಟ್ಟನು.

ಕೊಳ್ಳುವವನು ಹೇಳಿದ ಹೊತ್ತಿಗೆ ಬಂದನು. ಸ್ಪ್ಯಾನರಮ್ಮನ ಗಂಡ ಅವನನ್ನು ಬೀದಿಯಲ್ಲೇ ಎದುರುಗೊಂಡು, ಗಾಡಿ ಗುಣವಾಗಿಬಿಟ್ಟಿದೆ, ಕ್ಷಮಿಸಬೇಕು ಎಂದನು. ಗುಣವಾದರೆ ಇನ್ನೂ ಒಳ್ಳೆಯದಲ್ಲವೇ ಎಂದು ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ಕೇಳಿದನು. ಒಳಗಿನಿಂದ ಅಣ್ಣತಮ್ಮಂದಿರ ಜೋರು ದನಿ ಕೇಳಿಸುತ್ತಿದ್ದುದರಿಂದ ಅವನು ಹೆಚ್ಚು ಹೊತ್ತು ನಿಲ್ಲದೆ ಹಿಂದಿರುಗಿದನು.

ಒಳಗೆ ನಡೆದಿದ್ದುದು ಮುಂದಿನ ವಾರ ಯಾರದೆಂಬ ತಗಾದೆ. ಹೋದ ವಾರ ತಮ್ಮನದಾದ್ದರಿಂದ ಈಗ ತನ್ನದೆಂದು ಅಣ್ಣ. ಅದು ಪರೀಕ್ಷೆಯ ವಾರವಾದ್ದರಿಂದ ಲೆಕ್ಕಕ್ಕಿಲ್ಲವೆಂದು ತಮ್ಮ.

"ಪರೀಕ್ಷೆ ನನಗೂ ಇತ್ತಲ್ಲೋ."

"ನೀನು ಅದಕ್ಕೆ ಮುಂಚೆ ತಳ್ಕೊಂಡು ಬಂದ ವಾರ ಇದೆಯಲ್ಲ, ಅದು?"

"ತಳ್ಳಿದ್ದು ಸವಾರಿ ಏನೋ? ನಿನ್ನ ಸ್ಕ್ರೂವಿನಿಂದ ತಳ್ಳಿದ್ದು."

"ನಿನ್ನ ಬೆರಳಿನಿಂದ."

ಇಬ್ಬರೂ ತೀರ್ಪಿಗಾಗಿ ಸ್ಪ್ಯಾನರಮ್ಮನ ಕಡೆ ತಿರುಗಿದರು. ಆಕೆ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡು, ನೀವೇ ಮಾತಾಡಿಕೊಳ್ಳಿ ಎಂದು ಹೇಳಿ, ಎಲ್ಲರಿಗೂ ತಟ್ಟೆ ಹಾಕಲು ಒಳಗೆ ಹೋದಳು.